ಖಾಲಿಯಾಗದ ಬಾಟಲಿ

ಕುಕ್ ಟೌನ್, ಬೆಂಗಳೂರು
12 ಫೆಬ್ರವರಿ 2024

ನಾಗರತ್ನಾ ಅವರಿಗೆ,

ನಿಮ್ಮ ಹಳೆಯ ನಂಬರ್ ಚಾಲ್ತಿಯಲ್ಲಿಲ್ಲ. ಹೊಸದನ್ನು ನನಗೆ ಕೊಡಬಾರದೆಂದು ನೀವು ಹೇಳಿದ್ದೀರಂತೆ. ನಿಮ್ಮ ಯಜಮಾನರು ಅಮರಪ್ಪ ನೆಲ ನೋಡುತ್ತಾ ಅದನ್ನು ತಿಳಿಸಿದರು. ಲಾಕರಿನಲ್ಲಿ ಉಳಿದಿದ್ದ ನಿಮ್ಮ ಚಪ್ಪಲಿ, ಊಟದ ಡಬ್ಬಿ ಒಯ್ಯಲು ಆಸ್ಪತ್ರೆಗೆ ಬಂದಿದ್ದರು. ನಾಳೆ ಮುದಗಲ್ಲಿಗೆ ಹೊರಡುತ್ತಾರೆಂದು ತಿಳಿದು ಈ ಕಾಗದವನ್ನು ಅವರ ಕೈಯಲ್ಲೇ ಕೊಡುತ್ತಿದ್ದೇನೆ. ನಾನು ಓದಿದ್ದು ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಇಷ್ಟುದ್ದ ಬರೆದದ್ದು ಹೈಸ್ಕೂಲಿನ ಪರೀಕ್ಷೆಯಲ್ಲೇ ಕೊನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ದೂರಲು ಬರೆಯುತ್ತಿಲ್ಲ. ಜನವರಿಯಲ್ಲಿ ನಮ್ಮ ಎಳೆಗೂಸುಗಳ ವಾರ್ಡಿನಲ್ಲಿ ಐದು ಮಕ್ಕಳ ರಕ್ತದಲ್ಲಿ ಒಂದೇ ಕ್ರಿಮಿ ಸಿಕ್ಕಿತು. ನಾಲ್ವರು ಉಳಿದರು; ರಿಮ್ಶಾಳ ಮಗ ಉಳಿಯಲಿಲ್ಲ. ಆಸ್ಪತ್ರೆಯಲ್ಲಿ ಸೋಂಕು ಹರಡದಂತೆ ನೋಡಿಕೊಳ್ಳುವ ಡಾಕ್ಟರು ನಾನು. ಅದು ಎಲ್ಲಿಂದ ಬಂತೆಂದು ಹುಡುಕುವುದು ನನ್ನ ಕೆಲಸ. ನೀವೂ ಸೇರಿ ವಾರ್ಡಿನ ಎಲ್ಲ ಸಿಸ್ಟರುಗಳ ಕೈಗಳನ್ನೂ ಹತ್ತಿಯಿಂದ ಒರೆಸಿ ಮಾದರಿ ತೆಗೆದೆ. ಅದೇ ಕ್ರಿಮಿ ಸಿಕ್ಕಿದ್ದು ನಿಮ್ಮ ಕುಬಸದ ಹಸಿರು ಬಳೆಗಳ ಮೇಲೆ. ಏಳನೆಯ ತಿಂಗಳಲ್ಲಿ ತೊಡಿಸಿದ ಬಳೆಯನ್ನು ಹೆರಿಗೆಯ ತನಕ ತೆಗೆಯುವಂತಿಲ್ಲ ಎಂದು ನೀವು ಹೇಳಿದಾಗ, ಮೇಲಕ್ಕೆ ಏರಿಸಿ ಟೇಪು ಸುತ್ತಿಕೊಳ್ಳಿ ಎಂದು ಒಪ್ಪಿದವಳೂ ನಾನೇ. ಒಪ್ಪಬಾರದಿತ್ತೇನೋ. ಎರಡು ಸಲ ಕೂಸು ನಿಲ್ಲದೆ ಮೂರನೆಯದಕ್ಕೆ ಕಾದಿದ್ದ ನಿಮಗೆ ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ನಿಮ್ಮನ್ನು ಕೆಲಸದಿಂದ ತೆಗೆದ ದಿನ ಸೂಪರಿಂಟೆಂಡೆಂಟರ ಕೋಣೆಯಲ್ಲಿ ಸೋಪು ಹಚ್ಚಿ ಬಳೆ ಜಾರಿಸುವಾಗ ನಿಮ್ಮ ಕೈ ಹಿಡಿದಿದ್ದೆ. ಎರಡು ಒಡೆದವು ಎಂದೆ. "ಬಳಿ ಒಡೆದ್ವು ಅನ್ನಬಾರ್ದು, ಹೆಚ್ಚಿದವು ಅನ್ರಿ ಮೇಡಂ" ಅಂದಿರಿ. ಆ ಒಂದು ಮಾತು ಬಿಟ್ಟರೆ ನೀವು ನಿಮ್ಮ ಪರವಾಗಿ ಬೇರೇನೂ ಹೇಳಲಿಲ್ಲ.

ನೀವು ಹೋದ ಮೇಲೆ ವಾರ್ಡಿನಲ್ಲಿ ಹೊಸದಾಗಿ ಯಾರಿಗೂ ಬಂದಿಲ್ಲ.

ಇದರ ಜೊತೆ ಐದು ಲೀಟರಿನ ಕ್ಯಾನ್ ಇದೆ. ನಮ್ಮ ಆಸ್ಪತ್ರೆಯದೇ ಕೈ ತೊಳೆಯುವ ದ್ರವ. ಸ್ಟೋರಿನ ಚಾಂದ್ ಪಾಷಾ ಡ್ರಮ್ಮಿನಿಂದ ಬಗ್ಗಿಸಿ, ಮುಚ್ಚಳಕ್ಕೆ ಸೀಲು ಹಾಕಿ ಕೊಟ್ಟರು. ಮಗುವನ್ನು ಮುಟ್ಟುವ ಮೊದಲು ನೀವೂ ಮನೆಯವರೂ ಇದರಿಂದ ಕೈ ತೊಳೆಯಿರಿ. ಹೊಕ್ಕುಳಿಗೆ ಏನನ್ನೂ ಹಚ್ಚಗೊಡಬೇಡಿ. ನಿಮಗೆ ಗೊತ್ತಿಲ್ಲದ್ದಲ್ಲ. ಬರೆಯದಿದ್ದರೆ ನನಗೆ ಸಮಾಧಾನವಿಲ್ಲ.

ತಾಹೇರಾ


ಮುದಗಲ್
20 ಮಾರ್ಚ್ 2024

ಮೇಡಂ ಅವರಿಗೆ ನಾಗರತ್ನಾಳ ನಮಸ್ಕಾರ.

ಕಾಗದವೂ ಕ್ಯಾನೂ ತಲುಪಿದವು. ಫೆಬ್ರವರಿ ಕೊನೆಗೆ ಹೆಣ್ಣುಮಗು ಹುಟ್ಟಿದೆ. ತೂಕ ಕಡಿಮೆ, ಆದರೆ ಹಾಲು ಕುಡಿಯುತ್ತಾಳೆ. ನೀವು ಕಳಿಸಿದ್ದರಿಂದಲೇ ದಿನವೂ ಕೈ ತೊಳೆಯುತ್ತೇನೆ, ನಮ್ಮವ್ವನ ಕೈಯನ್ನೂ ತೊಳೆಸುತ್ತೇನೆ. ಉಪಕಾರವಾಯಿತು.

ನೋಡಲು ಬಂದವರು ಕೂಸಿನ ಗಲ್ಲ ಹಿಂಡಿ ಮುದ್ದು ಕೊಡುತ್ತಾರೆ. ಬೇಡ ಎಂದರೆ ನಮ್ಮ ಚಿಗವ್ವ ಓಣಿಗೆಲ್ಲ ಕೇಳುವಂತೆ, "ಬೆಂಗಳೂರಾಗ ನಾಕ ವರ್ಸ ಇದ್ದು ಬಂದಾಳ ನೋಡವಾ, ನಾವು ಮುಟ್ಟಿದ್ರ ಮೈಲಿಗಿ ಆಗ್ತಾಳಂತ" ಎಂದಳು. ಅವಳು ಹೊಸಿಲು ದಾಟುತ್ತಲೇ ಅದನ್ನೂ ತೊಳೆದೆ. ಅವಳು ತಿರುಗಿ ನೋಡಿದಳು.

ಮಣಿಕಟ್ಟಿನ ಗಾಯ ಮಾಯಿತು. ಬಳೆ ಹಾಕಿಕೊಂಡಿಲ್ಲ. ಕೂಸನ್ನು ಅವ್ವನೇ ಹೆಚ್ಚು ಎತ್ತಿಕೊಳ್ಳುತ್ತಾಳೆ. ಹಾಲು ಕುಡಿಸುವಾಗಲೂ ಅವ್ವನೇ ಹಿಡಿದಿರುತ್ತಾಳೆ. ನಾನು ಕೈ ತೊಳೆದು, ಒಣಗಲಿ ಎಂದು ಕಾಯುತ್ತೇನೆ. ಒಣಗಿದ ಮೇಲೆ ಮತ್ತೊಮ್ಮೆ ತೊಳೆಯಬೇಕೆನಿಸುತ್ತದೆ.

ಕೆಲಸಕ್ಕೆ ಹೋಗುವ ವಿಚಾರ ಸದ್ಯ ಇಲ್ಲ. ರಿಮ್ಶಾ ಹೇಗಿದ್ದಾಳೆ? ಅವಳಿಗೆ ನನ್ನ ಹೆಸರು ಹೇಳಿದ್ದೀರಾ?

ನಿಮ್ಮ
ನಾಗರತ್ನಾ


ಕುಕ್ ಟೌನ್
28 ಏಪ್ರಿಲ್ 2024

ಪ್ರಿಯ ನಾಗರತ್ನಾ,

ಮಗಳು ಹುಟ್ಟಿದ ಸುದ್ದಿ ಓದಿ ಎಷ್ಟೋ ದಿನಗಳ ಮೇಲೆ ಮನಸ್ಸು ಹಗುರವಾಯಿತು. ಈದ್ ದಿನ ಅಮ್ಮಿಗೆ ನಿಮ್ಮ ಕಾಗದ ಓದಿ ಹೇಳಿದೆ. ಚಿಗವ್ವನ ಮಾತಿಗೆ ನಕ್ಕು, "ನಮ್ಮ ಮನೆಯಲ್ಲೂ ನಿನ್ನನ್ನು ಹಾಗೇ ಅಂತಾರೆ" ಎಂದರು.

ಕೈ ಒಣಗುವವರೆಗೆ ಕಾಯುತ್ತೇನೆ ಎಂದು ಬರೆದಿದ್ದೀರಿ. ಇಷ್ಟು ಶಿಸ್ತು ನಮ್ಮ ವಾರ್ಡಿನಲ್ಲಿ ಎಷ್ಟು ಜನಕ್ಕಿದೆ? ಓದಿ ಹೆಮ್ಮೆಯಾಯಿತು. ಸುಳ್ಳೇಕೆ, ಸ್ವಲ್ಪ ನನ್ನ ಮೇಲೂ ಹೆಮ್ಮೆಯಾಯಿತು.

ಈ ಬೇಸಿಗೆಯಲ್ಲಿ ನಗರದಲ್ಲಿ ನೀರಿಲ್ಲ. ಟ್ಯಾಂಕರಿಗೆ ಕಾಯದ ಮನೆಯಿಲ್ಲ. ಆಸ್ಪತ್ರೆಗೂ ಟ್ಯಾಂಕರೇ ಗತಿ. ಆದರೂ ಮೊನ್ನೆ ನನ್ನ ಸುತ್ತಿನಲ್ಲಿ ಪ್ರತಿ ಬೇಸಿನ್ನಿನ ಪಕ್ಕದ ಬಾಟಲಿಯೂ ಕುತ್ತಿಗೆಯವರೆಗೆ ತುಂಬಿತ್ತು. ನೆನಪಿದೆಯೇ, ಮೊದಲೆಲ್ಲ ಅರ್ಧ ಬಾಟಲಿಗಳು ಗಾಳಿ ಉಗುಳುತ್ತಿದ್ದವು. ಖಾಲಿ ಬಾಟಲಿ ಕಂಡರೆ ವಾರ್ಡಿನ ಸ್ವಚ್ಛತೆಯ ಅಂಕ ಕಳೆಯುತ್ತೇನೆ ಎಂಬ ನಿಯಮವನ್ನು ಹೋದ ವರ್ಷ ತಂದ ಮೇಲೆ ಒಮ್ಮೆಯೂ ಖಾಲಿ ಕಂಡಿಲ್ಲ. ವಾರ್ಡಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಚೆನ್ನಾಗಿದೆ.

ರಿಮ್ಶಾಗೆ ಕಾರಣ ತಿಳಿಸಿದ್ದೇವೆ, ಒಬ್ಬ ಸಿಬ್ಬಂದಿಯ ಬಳೆ ಎಂದು. ಹೆಸರು ಹೇಳಿಲ್ಲ. ಅವಳು ಕೇಳಲೂ ಇಲ್ಲ.

ಮಗಳಿಗೆ ಏನು ಹೆಸರಿಟ್ಟಿರಿ?

ತಾಹೇರಾ


ಮುದಗಲ್
19 ಜೂನ್ 2024

ಮೇಡಂ,

ಮಗಳಿಗೆ ಇನ್ನೂ ಹೆಸರಿಟ್ಟಿಲ್ಲ.

ಒಂದು ವಿಷಯ ಕೇಳಬೇಕು. ನಮಗೆ ಗೊತ್ತಿರುವ ಬಾಲಮ್ಮ ಎಂಬವರ ಮಗಳು ಗಂಡು ಹೆತ್ತಳು. ದಿನ ತುಂಬುವ ಮೊದಲೇ ಹುಟ್ಟಿದ್ದರಿಂದ ಕೂಸು ಸಣ್ಣದು. ಬಾಲಮ್ಮ ಎರಡೂ ಕೈತುಂಬ ಗಾಜಿನ ಬಳೆ ತೊಟ್ಟೇ ಅದನ್ನು ಎತ್ತುತ್ತಿದ್ದರು. ತೆಗೆಯಿರಿ ಎಂದೆ. "ನನ್ನ ಗಂಡ ಕಟ್ಟಿ ಮ್ಯಾಲ ಬೀಡಿ ಸೇದಕೊಂತ ಕುಂತಾನ, ನಾ ಯಾಕ ಬರಿಗೈ ಮಾಡ್ಕೋಲಿ?" ಎಂದರು. ಅವರ ಗಂಡ ಹಂಪಣ್ಣ ಹೊರಗಿನಿಂದ, "ತಗೀ ಅತ್ಲಾಗ, ನಾ ಏನ್ ನಿನ್ನ ಬಳಿಯಿಂದ ಬದುಕೀನೇನು" ಎಂದು ಕೂಗಿದ. ಎಲ್ಲರೂ ನಕ್ಕರು. ಬಾಲಮ್ಮ ನಗಲಿಲ್ಲ. ನಾನೂ ನಗಲಿಲ್ಲ.

ನೀವು ನನಗೆ ಹೇಳಿದ್ದನ್ನೇ ಹೇಳಿದೆ. ಬಳೆಯ ಸಂದಿಯಲ್ಲಿ ಕಣ್ಣಿಗೆ ಕಾಣದ್ದು ಇರುತ್ತದೆ, ಒಂದು ಕೂಸು ಹೋದದ್ದನ್ನು ನಾನೇ ನೋಡಿದ್ದೇನೆ ಎಂದೆ. ಯಾರ ಬಳೆಯಿಂದ ಎಂದು ಹೇಳಲಿಲ್ಲ. ಸೋಪು ಹಚ್ಚಿ ನಾನೇ ಜಾರಿಸಿದೆ. ನನ್ನ ಕೈ ಪಳಗಿದೆ; ಒಂದೂ ಹೆಚ್ಚಲಿಲ್ಲ.

ಆದರೂ ಕೂಸಿಗೆ ಜ್ವರ ಬಂದು ರಾಯಚೂರಿಗೆ ಒಯ್ದರು. ತೆಗೆಸುವ ಮೊದಲು ಬಳೆಗೈಯಲ್ಲಿ ಎತ್ತಿದ್ದರಲ್ಲ, ಅದರಿಂದಲೇ ಇರಬಹುದೆ?

ನಾಗರತ್ನಾ


ಕುಕ್ ಟೌನ್
1 ಜುಲೈ 2024

ಪ್ರಿಯ ನಾಗರತ್ನಾ,

ನೋಡದ ಮಗುವಿನ ರೋಗವನ್ನು ಕಾಗದದಲ್ಲಿ ಹೇಳಲಾರೆ. ಆದರೆ ಇರಬಹುದು. ನೀವು ಬಳೆ ತೆಗೆಸಿದ್ದು ಸರಿ. ಇನ್ನೂ ಮೊದಲೇ ತೆಗೆಸಿದ್ದರೆ ಚೆನ್ನಾಗಿತ್ತು, ಆದರೆ ಅದು ನಿಮ್ಮ ಕೈಯಲ್ಲಿರಲಿಲ್ಲ.

ಆ ಮನೆಯವರೆಲ್ಲ ಚೆನ್ನಾಗಿ ಕೈ ತೊಳೆಯಲಿ. ಕ್ಯಾನಿನಲ್ಲಿ ಉಳಿದಿದ್ದರೆ ಅವರಿಗೂ ಸ್ವಲ್ಪ ಕೊಡಿ.

ಅವಸರದಲ್ಲಿ ಬರೆಯುತ್ತಿದ್ದೇನೆ. ಇಲ್ಲಿ ಕೆಲಸ ಹೆಚ್ಚಾಗಿದೆ.

ತಾಹೇರಾ


ಕುಕ್ ಟೌನ್
24 ಆಗಸ್ಟ್ 2024

ನಾಗರತ್ನಾ,

ಕೆಲಸ ಹೆಚ್ಚಾಗಿದೆ ಎಂದು ಬರೆದಿದ್ದೆ. ಏನು ಕೆಲಸ ಎಂದು ಬರೆದಿರಲಿಲ್ಲ. ಏಪ್ರಿಲ್‌ನಲ್ಲೇ ಒಂದು ಮಗುವಿನ ರಕ್ತದಲ್ಲಿ ಅದೇ ಕ್ರಿಮಿ ಮತ್ತೆ ಸಿಕ್ಕಿತ್ತು. ವಾರ್ಡ್ ಚೆನ್ನಾಗಿದೆ ಎಂದು ನಿಮಗೆ ಬರೆದ ವಾರವದು. ಒಂದೇ ತಾನೇ, ಬೇರೆ ಆಸ್ಪತ್ರೆಯಿಂದ ಬಂದ ಮಗು, ಅಲ್ಲಿಂದಲೇ ತಂದಿರಬಹುದು ಎಂದುಕೊಂಡೆ. ನೀವು ಹೋದ ಮೇಲೂ ಬಂತು ಎಂದರೆ ಏನರ್ಥ ಎಂದು ಯೋಚಿಸಲು ನನಗೆ ಇಷ್ಟವಿರಲಿಲ್ಲ. ಜೂನ್ ಕೊನೆಗೆ ಇನ್ನಿಬ್ಬರಿಗೆ ಬಂತು. ವಾರ್ಡಿನಲ್ಲಿ ಯಾರ ಕೈಯಲ್ಲೂ ಒಂದು ಉಂಗುರವಿಲ್ಲ, ದಾರವಿಲ್ಲ.

ಹಾಸಿಗೆ, ನಲ್ಲಿ, ಹಾಲಿನ ಬಟ್ಟಲು, ಎಲ್ಲದರ ಮಾದರಿ ತೆಗೆದೆ. ಎಲ್ಲೂ ಸಿಗಲಿಲ್ಲ. ಹದಿನೈದು ದಿನಗಳ ಹಿಂದೆ ಒಂದು ಮಧ್ಯಾಹ್ನ, ವಾರ್ಡಿನ ಹಿರಿಯ ಸಿಸ್ಟರ್ ಮಾರಿಯಾ ಟೀ ಕುಡಿಯುತ್ತಾ ನನ್ನನ್ನು ಸಮಾಧಾನಪಡಿಸಲು ನೋಡಿದರು. "ಬೇರೆ ಏನೇ ಇರ್ಲಿ ಮೇಡಂ, ಕೈ ತೊಳೆಯೋದ್ರಲ್ಲಿ ನಮ್ಮನ್ನ ಹಿಡಿಯೋಕಾಗಲ್ಲ. ನಿಮ್ ರೌಂಡ್ಸ್ ಭಯಕ್ಕೆ ಬಾಟ್ಲಿ ಅರ್ಧ ಆಗೋಕೂ ಬಿಡಲ್ಲ. ಮೇಲ್ ಮೇಲೆ ತುಂಬಿಸ್ತಾನೇ ಇರ್ತೀವಿ."

"ಬಾಟ್ಲಿ ತೊಳೆಯೋದು ಯಾವಾಗ?" ಎಂದೆ.

"ಖಾಲಿ ಆದ್ರೆ ತಾನೇ ಮೇಡಂ ತೊಳೆಯೋದು?"

ಸ್ಟೋರಿಗೆ ಇಳಿದೆ. ಚಾಂದ್ ಪಾಷಾ ನೀಲಿ ಡ್ರಮ್ಮಿನ ಮೇಲೆ ಕೈಯಿಟ್ಟು, ಸಾಕಿದ ಎಮ್ಮೆ ತೋರಿಸುವವರಂತೆ ಹೇಳಿದರು: "ನಾನ್ ಬಂದಾಗಿಂದ ಇದು ತಳ ಕಂಡಿಲ್ಲ ಮೇಡಂ, ಅಲ್ಲಾಹ್ ಕಾ ಬರ್ಕತ್! ಕಮ್ಮಿ ಆಯ್ತಾ, ಒಂದು ಕ್ಯಾನ್ ಗಟ್ಟಿ ಸೋಪು, ಮೇಲಿಂದ ನಲ್ಲಿ ನೀರು. ನಿಮ್ಮ ವಾರ್ಡುಗಳಿಗೆ ಒಂದು ದಿನಾನೂ ಇಲ್ಲ ಅಂದಿಲ್ಲ."

ಡ್ರಮ್ಮನ್ನು ಹಿತ್ತಲಿನಲ್ಲಿ ಮಗುಚಿಸಿದೆ. ತಳದಲ್ಲಿ ತೆಳು ಗುಲಾಬಿ ಬಣ್ಣದ ಲೋಳೆಯಿತ್ತು. ಚಾಂದ್ ಪಾಷಾ ಅದನ್ನು ನೋಡಿದರು, ತಮ್ಮ ಅಂಗೈ ನೋಡಿಕೊಂಡರು.

ಅದೇ ಕ್ರಿಮಿ. ಡ್ರಮ್ಮಿನಲ್ಲಿ, ಪ್ರತಿ ಬಾಟಲಿಯಲ್ಲಿ. ಹಳತನ್ನು ಚೆಲ್ಲಿ, ತೊಳೆದು, ಒಣಗಿಸಿ ಹೊಸದನ್ನು ತುಂಬಬೇಕು ಎಂಬುದು ನನ್ನ ವೃತ್ತಿಯ ಮೊದಲ ಪಾಠಗಳಲ್ಲೊಂದು. ಖಾಲಿ ಬಾಟಲಿಗೆ ಅಂಕ ಕಳೆದು ಆ ಪಾಠವನ್ನು ಅಳಿಸಿದವಳು ನಾನು. ಎಲ್ಲದರ ಮಾದರಿ ತೆಗೆದವಳು ಸೋಪಿನ ಮಾದರಿ ತೆಗೆಯಲಿಲ್ಲ. ನಿಮ್ಮ ಬಳೆಯಲ್ಲಿ ಕ್ರಿಮಿ ಸಿಕ್ಕಿದ್ದು, ಆ ವಾರ್ಡಿನಲ್ಲಿ ಎಲ್ಲರಿಗಿಂತ ಹೆಚ್ಚು ಕೈ ತೊಳೆದವರು ನೀವಾದ್ದರಿಂದ. ಉಳಿದವರ ಕೈ ಒಣಗಿತು. ಟೇಪಿನ ಅಡಿಯ ಬಳೆ ಒಣಗಲಿಲ್ಲ.

ಲ್ಯಾಬಿನ ಫಲಿತಾಂಶ ಕೈಗೆ ಬಂದ ಗಳಿಗೆಯಲ್ಲಿ ನಿಮಗೆ ಕೊಟ್ಟ ಕ್ಯಾನ್ ನೆನಪಾಯಿತು. ಅದನ್ನು ತುಂಬಿಸಿದ್ದೂ ಆ ಡ್ರಮ್ಮಿನಿಂದಲೇ.

ಅಮರಪ್ಪ ಕೆಲಸಕ್ಕೆ ವಾಪಸು ಬಂದಿದ್ದಾರೆಂದು ತಿಳಿದು ನೇರ ದೊಡ್ಡನೆಕ್ಕುಂದಿಗೆ ಹೋದೆ. ಕಾರ್ಖಾನೆಗಳ ಹಿಂದಿನ ಸಾಲು ಕೋಣೆಗಳಲ್ಲಿ ನಿಮ್ಮದನ್ನು ಹುಡುಕುತ್ತಿದ್ದಾಗ ಅಮರಪ್ಪನವರ ಜೊತೆಗಿರುವ ದತ್ತು ಬಾಗಿಲಲ್ಲಿ ನಿಂತು, "ಲೇ ಅಮರ, ಡಾಕ್ಟ್ರಮ್ಮ ಬಂದಾರ, ಸೂಜಿ ಚುಚ್ತಾರ ಓಡು" ಎಂದ. ಅಮರಪ್ಪ ನಂಬರ್ ಕೊಡಲು ಆಗಲೂ ಒಪ್ಪಲಿಲ್ಲ. ತಾವೇ ಫೋನ್ ಮಾಡಿದರು. "ಆ ಕ್ಯಾನ್ ಮುಟ್ಟಬ್ಯಾಡಂತ. ಕೆಟ್ಟೈತಂತ. ಹೂಂ, ಅವರ ಬಂದು ಹೇಳಾಕತ್ತಾರ." ಫೋನ್ ಇಳಿಸಿ ನನ್ನತ್ತ ತಿರುಗಿದರು. "'ಆಯ್ತು' ಅಂದು ಇಟ್ಟಬಿಟ್ಳುರಿ."

"ಮಗು?"

"ಆರಾಮೈತ್ರಿ."

ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ನಿಮ್ಮ ಮಗಳು ಉಳಿದಳು ಎಂಬುದೊಂದೇ ನನ್ನ ತಲೆಯಲ್ಲಿತ್ತು. ನಾನೇ ಮುದಗಲ್ಲಿಗೆ ಬರಬಹುದಿತ್ತು. ಬಸ್ಸಿದೆ. ನಿಮ್ಮ ಮುಖ ನೋಡುವ ಧೈರ್ಯ ಇಲ್ಲದೆ ಬರೆಯುತ್ತಿದ್ದೇನೆ.

ಆಡಳಿತದವರು ಡ್ರಮ್ಮು ಬದಲಿಸಿ ಸುಮ್ಮನಿರೋಣ ಎನ್ನುತ್ತಿದ್ದಾರೆ. ಏನು ಮಾಡಬೇಕೆಂದು ಇನ್ನೂ ಯೋಚಿಸುತ್ತಿದ್ದೇನೆ. ಯೋಚಿಸುವಂಥದ್ದು ಅದರಲ್ಲಿ ಏನಿದೆ ಎಂದು ನೀವು ಕೇಳಬಹುದು.

ತಾಹೇರಾ


ಮುದಗಲ್
4 ಸೆಪ್ಟೆಂಬರ್ 2024

ತಾಹೇರಾ ಮೇಡಂ,

ನಮ್ಮ ಮನೆಯವರ ಫೋನು ಬಂದಾಗ ನಾನು ಮನೆಯಲ್ಲಿರಲಿಲ್ಲ. ಡ್ಯೂಟಿಯಲ್ಲಿದ್ದೆ.

ಮೇ ತಿಂಗಳಿಂದ ಇಲ್ಲಿನ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದೇನೆ. ನಿಮಗೆ ಹೇಳಲಿಲ್ಲ. ನಿಮ್ಮಲ್ಲಿಂದ ಒಂದು ಫೋನು ಬಂದರೆ ಇದೂ ಹೋಗುತ್ತದೆಂದು ಹೆದರಿದ್ದೆ. ನಿಮ್ಮ ಕ್ಯಾನನ್ನು ಮನೆಯಲ್ಲಿ ಒಂದು ದಿನವೂ ಬಳಸಿಲ್ಲ. ದಿನವೂ ತೊಳೆಯುತ್ತೇನೆ ಎಂದು ಬರೆದದ್ದು ಸುಳ್ಳು. ಬಳೆ ಜಾರಿಸಿದ ದಿನ ನೀವು ನನ್ನ ಕೈಗೆ ಹಚ್ಚಿದ್ದೂ ಅದೇ ಅಲ್ಲವೇ? ಆ ನಿಂಬೆಯ ವಾಸನೆಯನ್ನು ಮನೆಯೊಳಗೆ ಬಿಟ್ಟುಕೊಳ್ಳಲು ನನ್ನಿಂದ ಆಗಲಿಲ್ಲ. ಸೀಲು ಒಡೆಯದೆ ಅಟ್ಟದ ಮೇಲಿಟ್ಟಿದ್ದೆ. ಅಂಗಡಿಯ ಕೆಂಪು ಸೋಪಿನಲ್ಲಿ ನನ್ನ ಮಗಳು ಬೆಳೆದಳು.

ಕೆಲಸಕ್ಕೆ ಸೇರಿದ ದಿನ ಆ ಕ್ಯಾನನ್ನು ಒಯ್ದು ಹೆರಿಗೆ ಕೋಣೆಗೆ ಕೊಟ್ಟೆ. ಚೆಲ್ಲುವುದೇಕೆ, ಒಳ್ಳೆಯದು ಎಂದುಕೊಂಡು. ಇಲ್ಲಿನ ಡಾಕ್ಟರು, "ಬೆಂಗಳೂರು ಸಿಸ್ಟರ್ ಬಂದ್ರು, ಬೆಂಗಳೂರು ಸೋಪೂ ಬಂತು" ಎಂದು ಎಲ್ಲರಿಗೂ ತೋರಿಸಿದರು. ಕಡಿಮೆಯಾದಾಗ ಆಯಾ ಅಕ್ಕಯಮ್ಮ ನೀರು ಬೆರೆಸಿ ಹೆಚ್ಚಿಸಿದಳು. "ಭಾಳ ನೊರಿ ಬರ್ತೈತವ್ವ ಇದಕ್ಕ, ವರ್ಸಗಟ್ಲೆ ಬರ್ತೈತಿ" ಎನ್ನುತ್ತಿದ್ದಳು.

ಬಾಲಮ್ಮನ ಮೊಮ್ಮಗ ಹುಟ್ಟಿದ್ದು ಅಲ್ಲೇ. ಆ ಕೂಸು ರಾಯಚೂರಿನಿಂದ ವಾಪಸು ಬರಲಿಲ್ಲ. ಜೂನ್‌ನ ಕಾಗದದಲ್ಲಿ ನಾನು ಕೇಳಿದ್ದು ಅದರ ವಿಷಯವೇ. ಇರಬಹುದು ಎಂದು ನೀವು ಬರೆದಿರಿ. ನಿಮ್ಮ ಕಾಗದವನ್ನು ಎರಡು ಸಲ ಓದಿಕೊಂಡು ಬಾಲಮ್ಮನ ಮನೆಗೆ ಹೋಗಿ, "ಬೆಂಗಳೂರಿನ ದೊಡ್ಡ ಡಾಕ್ಟರೂ ಅದನ್ನೇ ಹೇಳ್ಯಾರ, ಬಳಿಯಿಂದನ ಆಗಿದ್ದು" ಎಂದು ಹೇಳಿ ಬಂದೆ. ಇನ್ನು ಮುಂದಾದರೂ ಎಚ್ಚರ ಇರಲಿ ಎಂದು. ನನ್ನ ಎದೆಯಲ್ಲಿದ್ದ ಭಾರ ಇನ್ನೊಬ್ಬಳ ಎದೆಯಲ್ಲೂ ಇದೆ ಎಂದು ಅವತ್ತು ಒಂದಿಷ್ಟು ನಿದ್ದೆ ಬಂತು. ಇದನ್ನು ಬೇರೆ ಯಾರಿಗೂ ಹೇಳಿಲ್ಲ.

ಫೋನು ಇಟ್ಟವಳೇ ಕ್ಯಾನನ್ನೂ ಬಾಟಲಿಯನ್ನೂ ಹಿತ್ತಲ ಗುಂಡಿಯಲ್ಲಿ ಸುರಿದು ಡಾಕ್ಟರಿಗೆ ಹೇಳಿದೆ. ಮರುದಿನದಿಂದ ಬರಬೇಡ ಎಂದರು. ನಿನ್ನೆ ನಿಮ್ಮ ಕಾಗದ ಬಂದ ಮೇಲೆ ಬಾಲಮ್ಮನ ಮನೆಗೆ ಹೋದೆ. ಹಂಪಣ್ಣ ಕಟ್ಟೆಯ ಮೇಲೆ ಕುಳಿತಿದ್ದ. ಒಳಗೆ ಆಕೆ ಬರಿಗೈಯಲ್ಲಿ ಜೋಳ ಹಸನು ಮಾಡುತ್ತಿದ್ದರು. ಕೂಸು ಹೋದಾಗಿನಿಂದ ಬಳೆ ತೊಟ್ಟಿಲ್ಲವಂತೆ. ಅವರ ಮಗಳು ತವರಿನವರ ಜೊತೆ ಮಾತು ಬಿಟ್ಟು ಗಂಡನ ಮನೆಗೆ ಹೋದಳಂತೆ.

ಎಲ್ಲ ಹೇಳಿದೆ. "ಹಂಗಾರ ನಾ ಅಲ್ಲಾ?" ಎಂದರು. ಅಲ್ಲ ಎಂದೆ. "ನನ್ನ ಬಳಿ ಅಲ್ಲಾ?" ಅಲ್ಲ ಎಂದೆ. ಮೊರ ಕೆಳಗಿಟ್ಟು ನನ್ನ ಮುಖ ನೋಡುತ್ತಾ, "ಹಂಗಾರ ಯಾರವ್ವಾ?" ಎಂದರು.

"ನಾನು" ಎಂದೆ. ನಿಮ್ಮ ಹೆಸರು ಹೇಳಲಿಲ್ಲ. ಹೇಳಿದರೆ ಅದು ಮತ್ತೊಬ್ಬರ ಕೈಗೆ ದಾಟಿಸಿದಂತೆ ಆಗುತ್ತದೆ.

ಮನೆಗೆ ಬಂದು ಮಗಳನ್ನು ಎತ್ತಿಕೊಂಡೆ. ಕೈ ತೊಳೆಯಲಿಲ್ಲ. ಅವಳು ಚೀರಿ ಅತ್ತು ಅವ್ವನ ಕಡೆ ಚಾಚಿದಳು. ನನ್ನ ಕೈ ಅವಳಿಗೆ ರೂಢಿಯಿಲ್ಲ.

ಏನು ಮಾಡಬೇಕೆಂದು ಯೋಚಿಸುತ್ತಿದ್ದೇನೆ ಎಂದು ಬರೆದಿದ್ದೀರಿ. ರಿಮ್ಶಾಳ ಮನೆ ನಿಮ್ಮ ಮನೆಯಿಂದ ಎಷ್ಟು ದೂರ?

ನಾಗರತ್ನಾ


ಕುಕ್ ಟೌನ್
15 ಸೆಪ್ಟೆಂಬರ್ 2024

ನಾಗರತ್ನಾ,

ಆಟೋದಲ್ಲಿ ಹತ್ತು ನಿಮಿಷ.

ಮೊದಲು ನಿಮಗೆ ಸೇರಬೇಕಾದದ್ದು. ಹೊಸ ವರದಿಯನ್ನು ಸಲ್ಲಿಸಿದ್ದೇನೆ. ಅದರ ಪ್ರತಿ ಇದರೊಡನೆ ಇದೆ. ಸೋಂಕು ಸೋಪಿನಿಂದ ಬಂತು, ಸೋಪು ಕೆಟ್ಟದ್ದು ನನ್ನ ನಿಯಮದಿಂದ, ಸಿಸ್ಟರ್ ನಾಗರತ್ನಾ ಅವರ ತಪ್ಪಿಲ್ಲ ಎಂದು ಅದರಲ್ಲಿದೆ. ಮುದಗಲ್ಲಿಗೆ ಹೋದ ಕ್ಯಾನಿನ ವಿಷಯವೂ ಇದೆ. ನಿಮ್ಮ ಡಾಕ್ಟರಿಗೂ ಒಂದು ಪ್ರತಿ ಕಳಿಸಿದ್ದೇನೆ. ನನ್ನನ್ನು ಆಸ್ಪತ್ರೆಯ ಸೋಂಕು ತಡೆಯುವ ಸಮಿತಿಯಿಂದ ತೆಗೆದಿದ್ದಾರೆ. ಇಷ್ಟರಿಂದ ನಿಮಗೆ ಏನು ವಾಪಸು ಬರುತ್ತದೆ ಎಂದು ನನಗೆ ತಿಳಿಯದು. ಬಾಲಮ್ಮನವರಿಗೆ ತಪ್ಪು ಯಾರದೆಂದು ನೀವು ಹೇಳದಿದ್ದರೆ ನಾನೇ ಬಂದು ಹೇಳುತ್ತೇನೆ. ಬಸ್ಸಿದೆ ಎಂದು ಬರೆದಿದ್ದೆನಲ್ಲ.

ಶಿವಾಜಿನಗರದಲ್ಲಿ, ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ರಿಮ್ಶಾಳ ಮನೆ. ಕೆಳಗೆ ಅವಳ ಗಂಡ ಅಬ್ರಾರನ ಬ್ಯಾಗಿನ ಅಂಗಡಿ. ಅವನು ನನ್ನನ್ನು ಗುರುತಿಸಿ ಎದ್ದು ನಿಂತ, ಸ್ಟೂಲು ಒರೆಸಿ ಕೊಟ್ಟ. ಅದು ನನಗೆ ಕಷ್ಟವಾಯಿತು. ನಾವು ನಮ್ಮ ಮನೆಮಾತು ಉರ್ದುವಿನಲ್ಲೇ ಮಾತಾಡಿದೆವು. ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ರಿಮ್ಶಾ ಅಡ್ಡ ಬಾಯಿ ಹಾಕದೆ ಎಲ್ಲವನ್ನೂ ಕೇಳಿದಳು. ಆಮೇಲೆ, "ಬಳೆ ಹಾಕಿದ್ದ ಆ ಸಿಸ್ಟರಿಗೆ ಪ್ರತಿ ನಮಾಜಿನಲ್ಲೂ ಬದ್ದುವಾ ಕೊಟ್ಟಿದ್ದೀನಿ ಆಪಾ, ಹೆಸರು ಗೊತ್ತಿಲ್ಲದೆ. ಈಗ ಶಾಪ ವಾಪಸ್ ತಗೋಬೇಕು. ಹೆಸರು ಹೇಳಿ" ಎಂದಳು. ಹೇಳಿದೆ. ಅವಳು ಅದನ್ನು ಎರಡು ಸಲ ಬಾಯಲ್ಲಿ ಹೇಳಿಕೊಂಡಳು, ನಾಗರತ್ನಾ, ನಾಗರತ್ನಾ ಎಂದು.

"ನನಗೂ ಕೊಡಬಹುದು. ನನ್ನ ಹೆಸರು ನಿಮಗೆ ಗೊತ್ತು" ಎಂದೆ.

ಅವಳು ಎದ್ದು ಒಳಗೆ ಹೋದಳು. ಚಹಾ ಕೊಟ್ಟಳು. ಕುಡಿದೆ. ಸತ್ಯ ತಿಳಿದರೆ ಅವಳಿಗೆ ಸ್ವಲ್ಪವಾದರೂ ಹಗುರವಾದೀತು ಎಂದು ನಂಬಿಕೊಂಡು ಹೋಗಿದ್ದೆ. ನಿಮ್ಮ ಬಾಲಮ್ಮ ಕೇಳಿದಂತೆ 'ನಾನಲ್ಲವಾ' ಎಂದು ಅವಳೂ ಕೇಳಿಯಾಳು, ಅಲ್ಲ ಎಂದು ಹೇಳುವ ಭಾಗ್ಯ ನನಗೂ ಸಿಕ್ಕೀತು ಎಂದುಕೊಂಡಿದ್ದೆ.

ಹೊರಡುವಾಗ ಮೆಟ್ಟಿಲವರೆಗೆ ಬಂದಳು. ಅಲ್ಲೊಂದು ನಲ್ಲಿಯಿತ್ತು, ಪಕ್ಕದಲ್ಲಿ ಸವೆದ ಸೋಪಿನ ಚೂರು. ಅದನ್ನೇ ನೋಡುತ್ತಾ ನಿಂತಳು.

"ಗಾಜಿನ ಪೆಟ್ಟಿಗೆಯ ಕಿಂಡಿಯಲ್ಲಿ ಕೈ ಹಾಕಿ ಅವನ ಕಾಲು ಮುಟ್ಟೋಕೆ ಬಿಡ್ತಿದ್ರು," ಎಂದಳು. "ಒಂದು ಸಲ ತೊಳೆದ್ರೆ ಸಾಕು ಅಂತಿದ್ರು. ನಾನು ಎರಡು ಸಲ ತೊಳೀತಿದ್ದೆ ಆಪಾ."

ತಾಹೇರಾ